ಮಲೆನಾಡಿನ ಮನೆಯ ತೂಗುದೀಪಕ್ಕೆ ಫಿಲಮೆಂಟ್ ಎಲ್‌ಇಡಿ: ಕೊಳ್ಳುವ ಮುನ್ನ

ಜಗಲಿಯ ಗಾಜಿನ ತೂಗುದೀಪ, ನಡುಮನೆಯ ಐದು ಕವಲಿನ ಗೊಂಚಲುದೀಪ, ಹಿತ್ತಾಳೆಯ ಗೋಡೆದೀಪ ಇವಕ್ಕೆಲ್ಲ ಹೊಂದುವುದು ತಿಳಿಗಾಜಿನ, 4 ವ್ಯಾಟಿನ, 2700 ಕೆಲ್ವಿನ್ (ಬೆಚ್ಚನೆಯ ಹಳದಿ) ಬಣ್ಣದ ಫಿಲಮೆಂಟ್ ಎಲ್‌ಇಡಿ ಬಲ್ಬು. ಆದರೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಾಗಲಿ, ಸಾಗರ, ತೀರ್ಥಹಳ್ಳಿಯ ಪೇಟೆಯಲ್ಲಾಗಲಿ ಸುಮ್ಮನೆ ‘ಎಲ್‌ಇಡಿ ಕೊಡಿ’ ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು 9 ವ್ಯಾಟಿನ ಬಿಳಿ ಪ್ಲಾಸ್ಟಿಕ್ ಬಲ್ಬು. ಅಡುಗೆಮನೆಗೆ, ಕೊಟ್ಟಿಗೆಗೆ ಅದು ಚೆನ್ನ. ತೂಗುದೀಪದೊಳಗೆ ಅದನ್ನು ಹಾಕಬೇಡಿ.

ಕಾರಣ ಅದರ ಮೈಕಟ್ಟಿನಲ್ಲೇ ಇದೆ. ಅದರ ಕೆಳಗಿನರ್ಧ ಬೆಳಕು ಹಾಯದ ಭಾಗ. ಬೆಳಕೆಲ್ಲ ತಲೆಯ ಕಡೆಗೆ ಚೆಲ್ಲುತ್ತದೆ. ಗಾಜಿನ ಗೋಳದೊಳಗೆ ತಲೆಕೆಳಗಾಗಿ ತೂಗಿದರೆ ಗೋಳದ ಮೇಲರ್ಧ ಕತ್ತಲು. ಕೆತ್ತಿದ ಗಾಜಿನ ಲೋಲಕಗಳೂ ಮಿನುಗುವುದಿಲ್ಲ, ಏಕೆಂದರೆ ಮಿನುಗಿಗೆ ಸಣ್ಣ, ತೀಕ್ಷ್ಣ ಬೆಳಕಿನ ಎಳೆ ಬೇಕು. ಫಿಲಮೆಂಟ್ ಬಲ್ಬಿನಲ್ಲಿ ಅಂಥ ಎಳೆಯಿದೆ: ತೆಳುವಾದ ಪಟ್ಟಿಯ ಮೇಲೆ ಪುಟ್ಟ ಎಲ್‌ಇಡಿಗಳ ಸಾಲು, ಅದಕ್ಕೆ ಫಾಸ್ಫರ್ ಎಂಬ ಹೊಳೆಯುವ ಪುಡಿಯ ಹಳದಿ ಲೇಪ. ಬುರುಡೆಯೊಳಗಿನ ಹೀಲಿಯಂ ಬೆರೆತ ಅನಿಲ ಎಳೆಯ ಬಿಸಿಯನ್ನು ಗಾಜಿಗೆ ದಾಟಿಸುತ್ತದೆ. ಹಾಗಾಗಿ ಬಿಸಿ ಹೊರಹಾಕುವ ಹೀಟ್‌ಸಿಂಕ್ ಬೇಡ, ಬೆಳಕು ಸುತ್ತಲೂ ಹರಡುತ್ತದೆ.

ಹಳೆಯ 25 ವ್ಯಾಟಿನ ಬಲ್ಬಿನ ಜಾಗಕ್ಕೆ 2 ವ್ಯಾಟ್, 40ರ ಜಾಗಕ್ಕೆ 4, 60ರ ಜಾಗಕ್ಕೆ 6 ಅಥವಾ 7 ವ್ಯಾಟ್ ಸಾಕು. ಡಬ್ಬಿಯ ಮೇಲಿನ ಲ್ಯೂಮೆನ್, ಅಂದರೆ ಬೆಳಕಿನ ಅಳತೆ, ನೋಡಿಯೇ ಕೊಳ್ಳಿ. 4 ವ್ಯಾಟಿನದಕ್ಕೆ 400ರ ಮೇಲಿರಬೇಕು. ಐದು ಕವಲಿನ ದೀಪಕ್ಕೆ ಮೊದಲು 200 ವ್ಯಾಟ್ ಬೇಕಿತ್ತು, ಈಗ 20. ದಿನಕ್ಕೆ ಐದು ಗಂಟೆ ಉರಿಸಿದರೆ ತಿಂಗಳಿಗೆ 30 ಯೂನಿಟ್ 3ಕ್ಕೆ ಇಳಿಯುತ್ತದೆ. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಗೆ ಈ 27 ಯೂನಿಟ್ ದೊಡ್ಡದು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದಾಗ ಇನ್ವರ್ಟರ್ ಬ್ಯಾಟರಿಗಂತೂ ಇನ್ನೂ ದೊಡ್ಡದು. ದೇವರಮನೆಯ ‘ಝೀರೋ’ ಬಲ್ಬನ್ನೂ ಮರೆಯಬೇಡಿ. ಹೆಸರಿಗೆ ಸೊನ್ನೆ, ಎಳೆಯುವುದು 12ರಿಂದ 15 ವ್ಯಾಟ್. ಅರ್ಧ ವ್ಯಾಟಿನ ಎಲ್‌ಇಡಿ ಅಲ್ಲಿಗೆ ಧಾರಾಳ.

ಬಣ್ಣದಲ್ಲಿ ರಾಜಿ ಬೇಡ. 6500 ಕೆಲ್ವಿನ್ ಬಿಳಿಯಲ್ಲಿ ಮರದ ಮುಚ್ಚಿಗೆ, ಕೆಂಪು ಗಾರೆ ನೆಲ, ಹಿತ್ತಾಳೆ ಎಲ್ಲ ಕಳೆಗುಂದುತ್ತವೆ. ನೀಲಿ ಹೆಚ್ಚಿರುವ ಆ ಬೆಳಕಿಗೆ ಮಳೆಹುಳುಗಳೂ ಹೆಚ್ಚು ಮುತ್ತುತ್ತವೆ. ಜಗಲಿಗೆ ಬೆಚ್ಚನೆಯ ಬಣ್ಣ ಆರಿಸಲು ಅದೊಂದೇ ಕಾರಣ ಸಾಕು. ಜೇನುಬಣ್ಣದ ಗಾಜಿನ 2200 ಕೆಲ್ವಿನ್ ಬಲ್ಬು ನೋಡಲು ಚೆಂದ, ಆದರೆ ಅದರಡಿ ಪೇಪರ್ ಓದುವುದು ಕಷ್ಟ.

ಅಳತೆ ನೋಡದೆ ಕೊಂಡರೆ ಮತ್ತೊಮ್ಮೆ ಪೇಟೆಗೆ ಹೋಗಬೇಕಾಗುತ್ತದೆ. ಹಳೆಯ ದೀಪಗಳಲ್ಲಿ ಹೆಚ್ಚಾಗಿ ಪಿನ್ ಹೋಲ್ಡರ್, ಅಂದರೆ ಬಿ22. ಮೇಣದಬತ್ತಿ ಆಕಾರದ ಗೊಂಚಲುದೀಪಕ್ಕೆ ಸಾಮಾನ್ಯವಾಗಿ ಸಣ್ಣ ತಿರುಪಿನ ಇ14. ಮಾಮೂಲಿ ಎ60 ಬಲ್ಬಿನ ಅಗಲ 60 ಮಿ.ಮೀ.; ಗಾಜಿನ ಕೊರಳು ಅದಕ್ಕಿಂತ ಕಿರಿದಾದರೆ 35 ಮಿ.ಮೀ.ಯ ಸಿ35 ತನ್ನಿ. ಹೊಸ ಬಲ್ಬು ಹಾಕುವ ಮುನ್ನ ಮೇನ್ ಆಫ್ ಮಾಡಿ ಹೋಲ್ಡರ್ ನೋಡಿ. ನಮ್ಮ ಕಡೆಯ ಥಂಡಿಗೆ ಹಿತ್ತಾಳೆ ಪಿನ್ ಕಿಲುಬು ಹಿಡಿಯುತ್ತದೆ, ಸ್ಪ್ರಿಂಗ್ ಸಡಿಲವಾಗುತ್ತದೆ. ಬಲ್ಬು ಪಟಪಟ ಮಿನುಗಿದಾಗ ತಪ್ಪು ಎಷ್ಟೋ ಸಲ ಹೋಲ್ಡರಿನದೇ. ಎಮರಿ ಪೇಪರಿನಿಂದ ಉಜ್ಜಿ. ಸ್ಪ್ರಿಂಗ್ ಪುಟಿಯದಿದ್ದರೆ ಹೋಲ್ಡರ್ ಬದಲಿಸಿ.

ಸ್ವಿಚ್ ಆರಿಸಿದರೂ ಬಲ್ಬು ಮಂದವಾಗಿ ಉರಿಯುತ್ತದೆ ಎಂಬುದು ಹೆಚ್ಚು ಕೇಳಿಬರುವ ದೂರು. ಬಲ್ಬು ಕೆಟ್ಟಿಲ್ಲ. ಸ್ವಿಚ್ಚಿನ ಕೆಂಪು ಇಂಡಿಕೇಟರ್ ಮೂಲಕ ಸೋರುವ ಅಲ್ಪ ಕರೆಂಟು, ಅಥವಾ ತೊಟ್ಟಿಮನೆಯ ಉದ್ದುದ್ದ ವೈರುಗಳು ಒಂದರ ಪಕ್ಕ ಒಂದು ಹಾಯುವಾಗ ದಾಟುವ ಕರೆಂಟು ಎಲ್‌ಇಡಿಗೆ ಸಾಕಾಗುತ್ತದೆ. ಮೊದಲು ಸ್ವಿಚ್ ಆಫ್ ಮಾಡಿ, ಬಲ್ಬು ತೆಗೆದು, ಹೋಲ್ಡರಿಗೆ ಟೆಸ್ಟರ್ ಇಡಿ. ಚೆನ್ನಾಗಿ ಹೊತ್ತಿದರೆ ಸ್ವಿಚ್ ನ್ಯೂಟ್ರಲ್ ವೈರಿನಲ್ಲಿದೆ ಎಂಬ ಗುಮಾನಿ. ಅದು ಅಪಾಯ, ಎಲೆಕ್ಟ್ರಿಷಿಯನ್ ಕರೆಸಿ ಫೇಸಿಗೆ ಬದಲಾಯಿಸಿ. ವೈರಿಂಗ್ ಸರಿಯಿದ್ದರೆ ಇಂಡಿಕೇಟರ್ ತೆಗೆಸಿ. ಆಗಲೂ ನಿಲ್ಲದಿದ್ದರೆ ದೀಪಕ್ಕೆ ಸಮಾನಾಂತರವಾಗಿ 0.1 ಮೈಕ್ರೋಫ್ಯಾರಡ್, 275 ವೋಲ್ಟ್ ಎಸಿಯ ಎಕ್ಸ್2 ಕೆಪಾಸಿಟರ್ ಹಾಕಿಸಿ.

ಈ ಬಲ್ಬಿನ ನಿಜವಾದ ದೌರ್ಬಲ್ಯ ಹೋಲ್ಡರಿಗೆ ಕೂರುವ ಟೋಪಿಯೊಳಗಿನ ಪುಟ್ಟ ಡ್ರೈವರ್, ಅಂದರೆ ಕರೆಂಟನ್ನು ಎಲ್‌ಇಡಿಗೆ ಹೊಂದಿಸುವ ಸರ್ಕಿಟ್. ಅಷ್ಟು ಕಿರಿದಾದ ಜಾಗದಲ್ಲಿ ಸರ್ಜ್ (ಏಕಾಏಕಿ ಏರುವ ವೋಲ್ಟೇಜ್) ರಕ್ಷಣೆಗೆ ಹೆಚ್ಚು ಆಸ್ಪದವಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನಲ್ಲಿ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಇಲ್ಲದ ಮನೆಯವರು ದೀಪದ ಸಾಲಿನ ಎಂಸಿಬಿ (ಬೋರ್ಡಿನ ಸುರಕ್ಷತಾ ಸ್ವಿಚ್) ಇಳಿಸಿಬಿಡುವುದು ಲೇಸು. ಅಗ್ಗದ ಬಲ್ಬುಗಳಲ್ಲಿ ಕಣ್ಣಿಗೆ ಕಾಣದಷ್ಟು ವೇಗವಾಗಿ ಬೆಳಕು ಏರಿಳಿಯುವ ಮಿನುಗೂ ಇರುತ್ತದೆ. ಅಂಗಡಿಯಲ್ಲೇ ಉರಿಸಿ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ನೋಡಿದರೆ ಗೊತ್ತಾಗುತ್ತದೆ. ಬೆಳಕು ಹೆಚ್ಚುಕಡಿಮೆ ಮಾಡುವ ಡಿಮ್ಮರ್ ಇರುವ ದೀಪಕ್ಕೆ ‘ಡಿಮ್ಮಬಲ್’ ಎಂದು ಬರೆದದ್ದನ್ನೇ ಕೊಳ್ಳಿ.

ಒಳಗೆ ಬ್ಯಾಟರಿ ಇರುವ ‘ಇನ್ವರ್ಟರ್ ಬಲ್ಬು’ ಗೊಂಚಲುದೀಪಕ್ಕೆ ಬೇಡವೇ ಬೇಡ. ಒಂದೇ ಸ್ವಿಚ್ಚಿನಲ್ಲಿ ಬೇರೆ ಬಲ್ಬುಗಳಿದ್ದರೆ ಅವುಗಳ ಮೂಲಕ ಸರ್ಕಿಟ್ ಪೂರ್ತಿಯಾದಂತೆ ಅದಕ್ಕೆ ತೋರುತ್ತದೆ. ಸ್ವಿಚ್ ಆರಿಸಿದರೂ ಕರೆಂಟು ಹೋಗಿದೆ ಎಂದುಕೊಂಡು ಉರಿಯುತ್ತಲೇ ಇರುತ್ತದೆ.

ಫಿಲಮೆಂಟ್ ಬಲ್ಬಿನ ಬೆಲೆ ಮಾಮೂಲಿ 9 ವ್ಯಾಟಿನದಕ್ಕಿಂತ ಹೆಚ್ಚು, ಆದರೂ ಇಲ್ಲಿ ಕೊಡಬಹುದಾದ ಹಣ. ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು, ಅದರ ನೋಂದಣಿಯ ಆರ್ ಸಂಖ್ಯೆ ಇಲ್ಲದ್ದನ್ನು ಮುಟ್ಟಬೇಡಿ. ಗೊಂಚಲಿಗೆ ಐದೂ ಒಂದೇ ಕಂಪನಿಯವು, ಒಂದೇ ಸಲ, ಜೊತೆಗೊಂದು ಹೆಚ್ಚಿಗೆ ಕೊಳ್ಳಿ. ಆಮೇಲೆ ತಂದದ್ದು ಬಣ್ಣದಲ್ಲಿ ಹೊಂದದೇ ಹೋಗಬಹುದು. ಗ್ಯಾರಂಟಿಗಾಗಿ ಬಿಲ್ ಇಟ್ಟುಕೊಳ್ಳಿ, ತಂದ ತಾರೀಖನ್ನು ಮಾರ್ಕರಿನಲ್ಲಿ ಟೋಪಿಯ ಮೇಲೆ ಬರೆದಿಡಿ.