ಡೊಂಬಿವಲಿ ಲೋಕಲ್‌ನಲ್ಲಿ ಮೂರು ಸೈನ್ಸ್ ಫಿಕ್ಷನ್

ಹತ್ತನೇ ಕ್ಲಾಸ್ ಮುಗಿಸಿದ ತಂಗಿ ಮಗ ಕೇಳಿದ, "ಮಾಮಾ, ಎಲ್ಲರೂ ಓದಲೇಬೇಕು ಅನ್ನೋ ಸೈನ್ಸ್ ಫಿಕ್ಷನ್ ಯಾವುದು? ಒಂದೇ ಹೇಳಿ." ಸುಮ್ನೆ ಬಾಯಿಗೆ ಬಂದದ್ದು ಹೇಳೋದು ಬೇಡ ಅಂತ ಮೂರು ಪುಸ್ತಕವನ್ನು ಮುಂಬೈನ ಡೊಂಬಿವಲಿ–ದಾದರ್ ಲೋಕಲ್ ರೈಲಿನಲ್ಲೇ ಓದಿದೆ. ಠಾಣೆಯಲ್ಲಿ ಜನ ನುಗ್ಗಿದಾಗಲೂ ಕಥೆಯ ಎಳೆ ತಪ್ಪಬಾರದು. ಪರೀಕ್ಷೆ ಅಷ್ಟೇ.

ಮೊದಲು ಫ್ರಾಂಕ್ ಹರ್ಬರ್ಟ್‌ನ 'ಡ್ಯೂನ್', 1965ರದು. ಒಂದು ಕೈಲಿ ಹಿಡಿಕೆ, ಇನ್ನೊಂದರಲ್ಲಿ ಆ ಇಟ್ಟಿಗೆ. ಹೊಸ ಪದಗಳಿಗೆ ಕೊನೆಯಲ್ಲಿ ಅರ್ಥ ಬೇರೆ ಕೊಟ್ಟಿದ್ದಾರೆ; ನಿಂತುಕೊಂಡು ಹಿಂದೆ ಮುಂದೆ ತಿರುವೋದು ಹೇಗೆ? ಆದರೆ ನೀರಿಲ್ಲದ ಆ ಗ್ರಹ ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ಒಬ್ಬ ಬಂದು ಮೇಜಿನ ಮೇಲೆ ಉಗಿಯುತ್ತಾನೆ. ಅವಮಾನ ಅಲ್ಲ, ಮೈಯ ನೀರನ್ನೇ ಕೊಟ್ಟು ತೋರಿಸುವ ಮರ್ಯಾದೆ. (ಆ ಲೆಕ್ಕದಲ್ಲಿ ನಮ್ಮ ಸ್ಟೇಷನ್ ಮೆಟ್ಟಿಲುಗಳಿಗೆ ಸಿಕ್ಕಷ್ಟು ಮರ್ಯಾದೆ ಯಾರಿಗೂ ಸಿಕ್ಕಿಲ್ಲ.) ನೂರು ಪುಟ ಆದಮೇಲೆ ಬಿಡೋಕಾಗಲಿಲ್ಲ. ಆ ನೂರು ಪುಟ ಎಲ್ಲರೂ ದಾಟಲ್ಲ.

ಎಚ್.ಜಿ. ವೆಲ್ಸ್‌ನ 'ಟೈಮ್ ಮೆಷಿನ್' 1895ರ ಪುಟ್ಟ ಪುಸ್ತಕ, ನಾಲ್ಕು ದಿನದಲ್ಲಿ ಮುಗಿಯಿತು. ಇಸವಿ 8,02,701. ಮೇಲೆ ಹಣ್ಣು ತಿಂದು ಆಡಿಕೊಂಡಿರುವ ಎಲಾಯ್‌ಗಳು, ನೆಲದಡಿ ಯಂತ್ರ ನಡೆಸುವ ಮಾರ್ಲಾಕ್‌ಗಳು. ಕತ್ತಲಾದರೆ ಕೆಳಗಿನವರು ಮೇಲಿನವರನ್ನೇ ತಿನ್ನುತ್ತಾರೆ. ದಾದರ್‌ನಲ್ಲಿ ಇಳಿದು ಪರೇಲ್ ಕಡೆ ನಡೆಯುವಾಗ, ಹಳೇ ಗಿರಣಿ ಚಿಮಣಿ ಪಕ್ಕದ ಟವರ್ ನೋಡಿ ಸ್ವಲ್ಪ ಹೊತ್ತು ನಿಂತೆ.

ಮೂರನೆಯದು ಜಯಂತ ನಾರಳೀಕರರ ಮರಾಠಿ ಕಥೆಗಳು. ಖಗೋಳ ವಿಜ್ಞಾನಿಯಾಗಿದ್ದವರು. 1974ರಲ್ಲಿ ಮೊದಲ ಕಥೆಯನ್ನು ಹೆಸರು ಬದಲಿಸಿ ಸ್ಪರ್ಧೆಗೆ ಕಳಿಸಿ ಬಹುಮಾನ ಗೆದ್ದವರು. ಪಾತ್ರಗಳು ಕೆಲವು ಸಲ ಮೇಷ್ಟ್ರ ಥರ ಮಾತಾಡುತ್ತವೆ, ನಿಜ. ಆದರೆ ಬಲಗೈ ಬೌಲರ್ ಒಬ್ಬ ಇದ್ದಕ್ಕಿದ್ದಂತೆ ಎಡಗೈಯಲ್ಲಿ ವಿಕೆಟ್ ಕೀಳುವ, ಗಣಪತಿಯ ಸೊಂಡಿಲು ಬಲಕ್ಕೆ ತಿರುಗುವ ಕಥೆ ಇದೆಯಲ್ಲ, ಅದನ್ನು ಓದಿದ ರಾತ್ರಿ ಊಟ ತಣ್ಣಗಾಯಿತು. ಗುಟ್ಟೆಲ್ಲ ಮೋಬಿಯಸ್ ಪಟ್ಟಿಯಲ್ಲಿದೆ, ಅಂದರೆ ಒಂದೇ ಮೈ ಇರುವ ಪಟ್ಟಿ. ನಾನೂ ಹುಡುಗನೂ ಪಾರದರ್ಶಕ ಪ್ಲಾಸ್ಟಿಕ್ ಕವರ್‌ನಿಂದ ಒಂದು ಪಟ್ಟಿ ಕತ್ತರಿಸಿ, ಅರ್ಧ ತಿರುವು ಕೊಟ್ಟು, ತುದಿ ಅಂಟಿಸಿದೆವು. ಸ್ಕೆಚ್ ಪೆನ್ನಿನಲ್ಲಿ ಗಣಪತಿ ಬರೆದು, ಅದನ್ನೇ ಪಟ್ಟಿಯ ಉದ್ದಕ್ಕೂ ಒಂದರ ತಲೆಯ ಮೇಲೆ ಒಂದರಂತೆ ಬರೆಯುತ್ತಾ ಒಂದು ಸುತ್ತು ಹೋದೆವು. ಹೊರಟ ಜಾಗಕ್ಕೆ ಬಂದಾಗ ಸೊಂಡಿಲು ಆ ಕಡೆ!

ತಂಗಿ ಪುಸ್ತಕ ಮುಟ್ಟುವವಳೇ ಅಲ್ಲ. ಅವಳೂ ಕೈ ಒರೆಸಿಕೊಂಡು ಬಂದು, "ಪೂರ್ತಿ ಕಥೆ ಏನು?" ಅಂದಳು. ಎಲ್ಲರೂ ಅಂದರೆ ಅವಳೂ ಸೇರಿದ ಹಾಗೆ ಅಲ್ವಾ? ಅದಕ್ಕೇ ನಾರಳೀಕರ್ ಮೊದಲು. ಹುಡುಗನಿಗೆ ಹೇಗೂ ಕನ್ನಡಕ್ಕಿಂತ ಮರಾಠಿ ಓದೋದು ಸಲೀಸು. ಆಮೇಲೆ ವೆಲ್ಸ್. 'ಡ್ಯೂನ್' ರಜೆಯಲ್ಲಿ ಊರಿಗೆ ಹೋಗುವಾಗ, ಕಿಟಕಿ ಸೀಟು ಸಿಕ್ಕರೆ.