ಮೈದನಹಳ್ಳಿಯ ‘ಮಳೆಗಾಲದ ಸಫಾರಿ’ಗೆ ಮುಂಗಡ ಕಟ್ಟಬೇಡಿ

ಮುಂಗಾರಿನ ಮೊದಲ ಹದ ಮಳೆ ಬಿದ್ದ ವಾರ ತುಮಕೂರಿನಿಂದ ನಾವು ನಾಲ್ವರು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋಗಿದ್ದೆವು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಜಾಹೀರಾತನ್ನು ನಂಬಿ ತಲೆಗೆ 1,800 ರೂಪಾಯಿ ಕಟ್ಟಿದ್ದೆವು. ತೆರೆದ ಜೀಪು, ಜೊತೆಗೊಬ್ಬ ಮಾರ್ಗದರ್ಶಿ, ಕೃಷ್ಣಮೃಗಗಳನ್ನು ತೀರಾ ಹತ್ತಿರದಿಂದ ತೋರಿಸುತ್ತೇವೆಂಬ ಭರವಸೆ. ಆ ‘ತೀರಾ ಹತ್ತಿರ’ ಎಂಬುದನ್ನು ಓದಿದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಮೈದನಹಳ್ಳಿಯ ಈ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಬಂಡೀಪುರದಂಥ ಕಾಡಲ್ಲ. 798 ಎಕರೆ ಬಯಲು ಹುಲ್ಲುಗಾವಲು, ಅಲ್ಲಲ್ಲಿ ನೀಲಗಿರಿ ಮರಗಳ ಗುಂಪು, ಸುತ್ತಲೂ ರೈತರ ಹೊಲ. ಒಂದು ಮಳೆ ಬಿದ್ದರೆ ಸಾಕು, ಒಣಗಿದ ಹುಲ್ಲಿನ ಬುಡದಲ್ಲಿ ಹಸಿರು ಇಣುಕುತ್ತದೆ. ಅಲ್ಲಿ ಮರೆ ಎಂಬುದೇ ಇಲ್ಲದ್ದರಿಂದ ವೀಕ್ಷಣಾ ಗೋಪುರದ ಮೇಲೆ ಸುಮ್ಮನೆ ಕುಳಿತರೂ ಹಿಂಡು ಕಾಣುತ್ತದೆ.

ನಮ್ಮ ಚಾಲಕ ಗೋಪುರದ ಕಡೆ ತಿರುಗಿಯೂ ನೋಡಲಿಲ್ಲ. ದಾರಿ ಬಿಟ್ಟು ಜೀಪನ್ನು ನೇರವಾಗಿ ಹಿಂಡಿನತ್ತ ನುಗ್ಗಿಸಿದ. ಜಿಂಕೆಗಳು ಚಿಮ್ಮಿ ಓಡಿದವು. ಒಂದು ಹೆಣ್ಣು ಮಾತ್ರ ದೂರ ಹೋಗದೆ ಮತ್ತೆ ಮತ್ತೆ ಅದೇ ಜಾಗಕ್ಕೆ ತಿರುಗಿ ಬರುತ್ತಿತ್ತು. ಕೃಷ್ಣಮೃಗದ ತಾಯಿ ಹಸುಗೂಸನ್ನು ಹುಲ್ಲಿನಲ್ಲಿ ಅಡಗಿಸಿ ಮಲಗಿಸಿರುತ್ತದೆ, ಮರಿ ಅಲುಗಾಡದೆ ಬಿದ್ದಿರುತ್ತದೆ. ಚಕ್ರಕ್ಕೆ ಅದು ಗೊತ್ತಾಗುವುದು ಹೇಗೆ? ನಿಲ್ಲಿಸಿ ಎಂದು ಕೂಗಿದೆ. ಇಳಿದು ನೋಡಿದರೆ ಮರಿ ಸಿಗಲಿಲ್ಲ, ಟಿಟ್ಟಿಭದ ಗೂಡು ಸಿಕ್ಕಿತು. ಗೂಡೆಂದರೆ ನೆಲದ ಮೇಲಿನ ಒಂದು ತಗ್ಗು, ಸುತ್ತ ಸಣ್ಣ ಕಲ್ಲು, ಮಣ್ಣಿನ ಬಣ್ಣಕ್ಕೆ ಕಪ್ಪು ಚುಕ್ಕೆಯ ನಾಲ್ಕು ಮೊಟ್ಟೆ. ಎರಡು ಮೊಟ್ಟೆ ಟೈರಿನ ಅಚ್ಚಿನೊಳಗೆ ಒಡೆದು ಹೋಗಿದ್ದವು, ಒಳಗಿನ ಹಳದಿ ಲೋಳೆ ಕೆಸರಿಗೆ ಇಳಿಯುತ್ತಿತ್ತು. ಹಕ್ಕಿ ನಮ್ಮ ತಲೆಯ ಮೇಲೆಯೇ ಸುತ್ತುತ್ತ ಕಿರುಚುತ್ತಿತ್ತು. ಆ ದನಿ ಇನ್ನೂ ನನ್ನ ಕಿವಿಯಲ್ಲಿದೆ.

ಅಷ್ಟರಲ್ಲಿ ಪಡುವಣದಲ್ಲಿ ಮೋಡ ಕವಿಯಿತು. ಜೀಪಿನ ಹಿಂದಿನ ಚಕ್ರಗಳು ಹೂತವು. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡು ಎಂದರೆ ಸಿಡಿಲು ಒಂದು ಕಿಲೋಮೀಟರ್ ದೂರದಲ್ಲಿದೆ ಎಂದರ್ಥ. ನಾನು ಎಣಿಸುತ್ತಿದ್ದೆ: ಒಮ್ಮೆ ಆರು, ಮತ್ತೊಮ್ಮೆ ಮೂರು. ‘ಮಾರ್ಗದರ್ಶಿ’ ನಮ್ಮನ್ನು ನೀಲಗಿರಿ ಮರದ ಕೆಳಗೆ ನಿಲ್ಲಲು ಹೇಳಿದ! ಬಯಲಿನಲ್ಲಿ ಎತ್ತರದ ಮರದ ಬುಡಕ್ಕಿಂತ ಕೆಟ್ಟ ಜಾಗ ಬೇರೆ ಇಲ್ಲ. ಗಾಜು ಏರಿಸಿದ ಲೋಹದ ಕಾರು ರಕ್ಷಣೆ ಕೊಡುತ್ತದೆ, ತೆರೆದ ಜೀಪು ಕೊಡುವುದಿಲ್ಲ. ನಮ್ಮ ಕಾರೋ ಊರಿನಲ್ಲಿತ್ತು. ಆ ಇಪ್ಪತ್ತು ನಿಮಿಷ ಬದುಕಿದ್ದು ನಮ್ಮ ಪುಣ್ಯ.

ಮಳೆ ನಿಂತ ಮೇಲೆ ಅರಣ್ಯ ಸಿಬ್ಬಂದಿಯೊಬ್ಬರು ಬಂದು ಅನುಮತಿ ಪತ್ರ ಕೇಳಿದರು. ಚಾಲಕನ ಬಳಿ ಏನೂ ಇರಲಿಲ್ಲ. “ಗೋಪುರದಿಂದಲೇ ಎಲ್ಲ ಕಾಣುತ್ತಿತ್ತಲ್ಲಮ್ಮ” ಎಂದಷ್ಟೇ ನನಗೆ ಹೇಳಿದರು. ತಲೆ ಎತ್ತಲಾಗಲಿಲ್ಲ.

ಕೃಷ್ಣಮೃಗಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ, ಎಂದರೆ ಅತ್ಯಂತ ಕಟ್ಟುನಿಟ್ಟಾದ, ರಕ್ಷಣೆಯಿದೆ. ಅಟ್ಟಿಸಿಕೊಂಡು ಹೋದ ಪ್ರಾಣಿ ಆ ಕ್ಷಣ ತಪ್ಪಿಸಿಕೊಂಡರೂ ಸ್ನಾಯುಗಳು ಹಾಳಾಗಿ ಆಮೇಲೆ ಸಾಯಬಹುದು. ಹೋಗುವುದಾದರೆ ಮೊದಲೇ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ, ಬೆಳಗ್ಗೆಯೇ ಹೋಗಿ, ದಾರಿ ಬಿಟ್ಟು ಇಳಿಯಬೇಡಿ, ಮಧ್ಯಾಹ್ನದ ಮೋಡ ಕಟ್ಟುವ ಮೊದಲೇ ಹೊರಟುಬಿಡಿ. ಯಾರಾದರೂ ಸಫಾರಿ ಎಂದು ಹಣ ಕೇಳಿದರೆ ದಿನಾಂಕವಿರುವ ಅನುಮತಿ ಪತ್ರವನ್ನು ಕಣ್ಣಾರೆ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಮ್ಮ ಹಣ ವಾಪಸು ಬಂದಿಲ್ಲ. ಅದೇ ಜಾಹೀರಾತು ನಿನ್ನೆ ನಮ್ಮ ಬಡಾವಣೆಯ ಗುಂಪಿಗೆ ಮತ್ತೆ ಬಂದಿದೆ, ಈ ಸಲ ತಲೆಗೆ 1,500 ರೂಪಾಯಿ.