ಮಳೆಯಲ್ಲಿ ಎಂಟಿಬಿ (ಮೌಂಟೇನ್ ಬೈಕ್, ಗುಡ್ಡದ ಸೈಕಲ್) ಓಡಿಸೋಕೆ ತ್ರೀ ಲೇಯರ್ ಜಾಕೆಟ್: ಕೆಲವು ಮಳೆಗಾಲ ಬಳಸಿದ ಮೇಲೆ ಬರೀತಿರೋದು

ಬ್ರ್ಯಾಂಡ್ ಹೆಸರು ಹಾಕ್ತಿಲ್ಲ, ಇದೇ ಥರದ ಜಾಕೆಟ್ ಬೇಕಾದಷ್ಟು ಕಂಪನಿಗಳು ಮಾಡ್ತವೆ, ಸೀಸನ್ ಬದಲಾದ ಹಾಗೆ ಮಾಡೆಲ್ ಹೆಸರೂ ಬದಲಾಗುತ್ತೆ. ನನ್ನ ಹತ್ರ ಇರೋದು ತ್ರೀ ಲೇಯರ್ (ಹೊರಬಟ್ಟೆ, ನಡುವೆ ನೀರು ತಡೆದು ಆವಿ ಬಿಡೋ ತೆಳು ಪೊರೆ ಅಂದ್ರೆ ಮೆಂಬ್ರೇನ್, ಒಳಗೊಂದು ಬಟ್ಟೆ), ಸೀಮ್ ಅಂದ್ರೆ ಹೊಲಿಗೆ ಎಲ್ಲಾ ಟೇಪ್ ಮಾಡಿರೋದು, ಕಂಕುಳ ಕೆಳಗೆ ಉದ್ದ ಜಿಪ್ ಇದೆ, ಹೆಲ್ಮೆಟ್ ಮೇಲೆ ಹಾಕ್ಕೊಳ್ಳೋ ಹುಡ್ ಇದೆ. ಕೆಸರು, ಕಲ್ಲು, ಮುಳ್ಳುಪೊದೆ ಎಲ್ಲದರಲ್ಲೂ ಓಡಾಡಿದೆ, ಇನ್ನೂ ಕೆಲಸ ಮಾಡ್ತಿದೆ, ಮತ್ತೆ ತಗೊಳ್ಳೋದಾದ್ರೂ ಇಂಥದ್ದೇ ತಗೋತೀನಿ. ಆದ್ರೆ ಅದಕ್ಕೆ ಕಾರಣ ಟ್ಯಾಗ್ ಮೇಲಿನ ನಂಬರ್ ಅಲ್ಲ.

ನಂಬರ್ ವಿಷಯ ಮೊದಲು ಹೇಳಿಬಿಡ್ತೀನಿ. 10,000 ಎಂಎಂ, 20,000 ಎಂಎಂ ಅಂತ ಇರುತ್ತಲ್ಲ, ಅದು ಬಟ್ಟೆ ಎಷ್ಟು ಎತ್ತರದ ನೀರಿನ ಒತ್ತಡ ತಡ್ಕೊಳ್ಳುತ್ತೆ ಅನ್ನೋದು. ಸುರಿಯೋ ಮಳೆಗೆ 10,000 ಸಾಕಾಗುತ್ತೆ, ಬ್ಯಾಗಿನ ಪಟ್ಟಿ ಒತ್ತೋ ಭುಜದ ಹತ್ರ ಜಾಸ್ತಿ ಇದ್ರೆ ಒಳ್ಳೇದು, ಅಷ್ಟೇ. ಎರಡನೇ ನಂಬರ್ ಬೆವರಿನ ಆವಿ ಹೊರಗೆ ಹೋಗೋದಕ್ಕೆ, ಒಂದು ಚದರ ಮೀಟರ್ ಬಟ್ಟೆಯಿಂದ 24 ಗಂಟೇಲಿ ಎಷ್ಟು ಗ್ರಾಂ ಅಂತ. 20,000 ಅಂದ್ರೆ ಗಂಟೆಗೆ ಹೆಚ್ಚುಕಮ್ಮಿ 830 ಗ್ರಾಂ. ಕೇಳೋಕೆ ಭಾರೀ ಅನ್ಸುತ್ತೆ, ಆದ್ರೆ ಏರು ಹತ್ತುವಾಗ ಜೋರಾಗಿ ತುಳಿದ್ರೆ ಗಂಟೆಗೆ ಒಂದು ಲೀಟರ್ ಬೆವರು ಸುಮ್ನೆ ಬರುತ್ತೆ, ಮತ್ತೆ ಆ 830 ಲ್ಯಾಬ್ ಲೆಕ್ಕ. ಮೆಂಬ್ರೇನ್ ಕೆಲಸ ಮಾಡೋದು ಒಳಗಿನ ಮತ್ತು ಹೊರಗಿನ ಆವಿ ಒತ್ತಡದ ವ್ಯತ್ಯಾಸದ ಮೇಲೆ, ಮಳೆ ಬರ್ತಿರುವಾಗ ಹೊರಗಿನ ಗಾಳೀಲೂ ತೇವ ತುಂಬಿರುತ್ತೆ, ಚಳಿ ಇಲ್ಲದ ಜಾಗದಲ್ಲಂತೂ ಆ ವ್ಯತ್ಯಾಸ ತೀರಾ ಕಮ್ಮಿ. ಹಾಗಾಗಿ ಎಷ್ಟೇ ದುಬಾರಿ ಮೆಂಬ್ರೇನ್ ಆದ್ರೂ ಏರಿನಲ್ಲಿ ಬೆವರು ಒಳಗೇ ಉಳಿಯುತ್ತೆ. ಕೆಲವು ಕಂಪನಿಗಳು ಆರ್‌ಇಟಿ ಅಂತ ಕೊಡ್ತವೆ, ಆವಿ ಹೊರಗೆ ಹೋಗೋದಕ್ಕೆ ಬಟ್ಟೆ ಎಷ್ಟು ಅಡ್ಡಿ ಮಾಡುತ್ತೆ ಅನ್ನೋ ಅಳತೆ, ಅದು ಉಲ್ಟಾ, ನಂಬರ್ ಕಮ್ಮಿ ಇದ್ದಷ್ಟೂ ಒಳ್ಳೇದು, 6ಕ್ಕಿಂತ ಕೆಳಗಿದ್ರೆ ತುಂಬಾ ಚೆನ್ನಾಗಿದೆ ಅಂತ ಲೆಕ್ಕ.

ಅದಕ್ಕೇ ನಾನು ವೆಂಟ್‌ಗೆ ಇಷ್ಟು ಒತ್ತು ಕೊಡೋದು. ಕಂಕುಳ ಜಿಪ್ ಗ್ಲೌಸ್ ಹಾಕ್ಕೊಂಡೇ ಎಳೆಯೋ ಹಾಗಿರ್ಬೇಕು, ಜಿಪ್ ತುದೀಲಿ ಉದ್ದ ದಾರ ಇರ್ಬೇಕು. ಏರು ಶುರುವಾಗೋ ಮುಂಚೆನೇ ತೆಗೀಬೇಕು, ಬೆವರು ಬಂದ ಮೇಲೆ ತೆಗೆದ್ರೆ ಅಷ್ಟು ಉಪಯೋಗ ಇಲ್ಲ. ಮುಂದಿನ ಜಿಪ್ ಎರಡೂ ಕಡೆಯಿಂದ ತೆಗೆಯೋ ಹಾಗಿದ್ರೆ ಇನ್ನೂ ಅನುಕೂಲ. ಟೂ ಪಾಯಿಂಟ್ ಫೈವ್ ಲೇಯರ್ (ಒಳಬಟ್ಟೆ ಬದಲು ಮೆಂಬ್ರೇನ್ ಮೇಲೆ ತೆಳು ಲೇಪ ಮಾತ್ರ ಇರೋದು) ಹಗುರ ಹೌದು, ಮಡಚಿದ್ರೆ ಮುಷ್ಟಿಯಷ್ಟಾಗುತ್ತೆ, ಆದ್ರೆ ಅರ್ಧ ತೋಳಿನ ಜೆರ್ಸಿ ಹಾಕಿದಾಗ ಒಳಗಡೆ ತೋಳಿಗೆ ಅಂಟ್ಕೊಂಡು ಹಿಂಸೆ. ತ್ರೀ ಲೇಯರ್‌ನಲ್ಲಿ ಒಳಗೆ ತೆಳ್ಳಗಿನ ಬಟ್ಟೆ ಇರುತ್ತಲ್ಲ, ಅದೇ ಬೆವರಿದ್ರೂ ಮೈಗೆ ಹತ್ತದ ಹಾಗೆ ನೋಡ್ಕೊಳ್ಳುತ್ತೆ.

ಅಳತೆ ನೋಡುವಾಗ ಕನ್ನಡಿ ಮುಂದೆ ನೆಟ್ಟಗೆ ನಿಂತು ನೋಡೋದು ಬೇಡ. ಹ್ಯಾಂಡಲ್ ಹಿಡಿದ ಹಾಗೆ ಎರಡೂ ಕೈ ಮುಂದೆ ಚಾಚಿ, ಸೊಂಟ ಬಗ್ಗಿಸಿ, ಹಿಂದಕ್ಕೆ ಕೂತು ನೋಡಿ. ತೋಳು ಮಣಿಕಟ್ಟಿನಿಂದ ಮೇಲೆ ಹೋಗ್ತಿದ್ರೆ ಅಲ್ಲಿಂದಾನೇ ನೀರು ಒಳಗೆ ಹೋಗುತ್ತೆ, ಬೆನ್ನು ಮೇಲಕ್ಕೆ ಎಳ್ಕೊಂಡ್ರೆ ಹಿಂದಿನ ಟೈರ್ ಎಸೆಯೋ ಕೆಸರೆಲ್ಲಾ ನೇರ ಸೊಂಟಕ್ಕೆ. ಟ್ರೆಕ್ಕಿಂಗ್ ಜಾಕೆಟ್ ಇದೆ ಅದನ್ನೇ ಹಾಕ್ಕೋಬಹುದಾ ಅಂತ ತುಂಬಾ ಜನ ಕೇಳ್ತಾರೆ, ಹಾಕ್ಕೋಬಹುದು, ಆದ್ರೆ ಎಷ್ಟೋ ಸಲ ಹಿಂದೆ ಉದ್ದ ಇರಲ್ಲ, ಹುಡ್ ಹೆಲ್ಮೆಟ್ ಮೇಲೆ ಬರಲ್ಲ. ಹುಡ್ ಹಾಕಿ ಪಕ್ಕಕ್ಕೆ ತಿರುಗಿ ನೋಡಿ, ಹುಡ್ ತಲೆ ಜೊತೆ ತಿರುಗದೆ ಕಣ್ಣಿಗೆ ಅಡ್ಡ ಬಂದ್ರೆ ಇಳಿಜಾರಿನಲ್ಲಿ ನಿಜಕ್ಕೂ ಅಪಾಯ.

ಈಗ ಮುಖ್ಯವಾದದ್ದು. ಜಾಕೆಟ್ ಲೀಕ್ ಆಗ್ತಿದೆ ಅಂತ ಜನ ಬಿಸಾಕೋದರಲ್ಲಿ ಎಷ್ಟೋ ಜಾಕೆಟ್ ಲೀಕೇ ಆಗಿರಲ್ಲ. ಹೊರಬಟ್ಟೆ ಮೇಲೆ ಡಿಡಬ್ಲ್ಯೂಆರ್ ಅಂತ ಒಂದು ಲೇಪ ಇರುತ್ತೆ, ಹೊಸದರಲ್ಲಿ ನೀರು ಕೆಸುವಿನ ಎಲೆ ಮೇಲೆ ಉರುಳಿದ ಹಾಗೆ ಉರುಳಿ ಹೋಗುತ್ತೆ. ಬೆವರು, ಮೈ ಎಣ್ಣೆ, ಚೈನ್ ಲೂಬ್, ಮಣ್ಣು ಸೇರಿ ಆ ಲೇಪ ಸೋತಾಗ ಹೊರಬಟ್ಟೆ ನೀರು ಕುಡಿಯುತ್ತೆ. ಮೆಂಬ್ರೇನ್ ನೀರನ್ನ ತಡೀತಾನೇ ಇರುತ್ತೆ, ಆದ್ರೆ ಮೇಲೆ ನೀರಿನ ಪದರ ಕೂತಿರೋದ್ರಿಂದ ಆವಿ ಹೊರಗೆ ಹೋಗಲ್ಲ, ಬಟ್ಟೆ ತಣ್ಣಗಾಗುತ್ತೆ, ಬೆವರು ಒಳಗಡೆ ನೀರಾಗುತ್ತೆ, ನಮಗೆ ಮಳೆ ಒಳಗೆ ಬಂದ ಹಾಗನ್ಸುತ್ತೆ. ನನ್ನದರಲ್ಲಿ ಮೊದಲು ಕಾಣಿಸ್ಕೊಂಡಿದ್ದು ಭುಜದ ಮೇಲೆ, ಬ್ಯಾಗ್ ಪಟ್ಟಿ ಉಜ್ಜೋ ಜಾಗದಲ್ಲಿ, ಪಟ್ಟಿಯ ಅಗಲಕ್ಕೇ ಸರಿಯಾಗಿ ಬಣ್ಣ ಗಾಢವಾಗಿತ್ತು, ಪಕ್ಕದಲ್ಲಿ ಹನಿ ಇನ್ನೂ ಗುಂಡಗೆ ನಿಂತಿತ್ತು. ಹೊಸ ಜಾಕೆಟ್‌ಗಳಲ್ಲಿ ಪಿಎಫ್‌ಎಎಸ್ (ಪರಿಸರದಲ್ಲಿ ಕರಗದೆ ಉಳಿಯೋ ಫ್ಲೋರಿನ್ ರಾಸಾಯನಿಕಗಳು) ಇಲ್ಲದ ಲೇಪ ಬರ್ತಿದೆ, ಪರಿಸರಕ್ಕೆ ಒಳ್ಳೇದೇ, ಅದು ಬೇಕು ಕೂಡ, ಆದ್ರೆ ಎಣ್ಣೆ ಜಿಡ್ಡನ್ನ ಅದು ಹಳೇದರಷ್ಟು ತಡೆಯಲ್ಲ, ಅದಕ್ಕೆ ಮುಂಚೆಗಿಂತ ಜಾಸ್ತಿ ಸಲ ಒಗೀಬೇಕು. ಒಗೆದ್ರೆ ಹಾಳಾಗುತ್ತೆ ಅನ್ನೋದು ತಪ್ಪು, ಒಗೀದೆ ಇದ್ರೇ ಹಾಳಾಗೋದು.

ನಾನು ಮಾಡೋದು ಇಷ್ಟು: ಒಳಗಿರೋ ಲೇಬಲ್ ಓದಿ, ಜಿಪ್ ವೆಲ್ಕ್ರೋ ಎಲ್ಲಾ ಮುಚ್ಚಿ, ಮೆಷಿನ್‌ನಲ್ಲಿ 30 ಡಿಗ್ರಿಗೆ ಇಂಥ ಬಟ್ಟೆಗಂತಾನೇ ಬರೋ ಲಿಕ್ವಿಡ್ ಹಾಕಿ ಒಗೀತೀನಿ, ಫ್ಯಾಬ್ರಿಕ್ ಸಾಫ್ಟ್‌ನರ್ ಅಂತೂ ಬೇಡವೇ ಬೇಡ, ಇನ್ನೊಂದು ಸಲ ಬರೀ ನೀರಲ್ಲಿ ಜಾಲಿಸ್ತೀನಿ. ಆಮೇಲೆ ಬಿಸಿ ಕೊಡ್ಬೇಕು, ಇದನ್ನ ಬಿಡೋರೇ ಜಾಸ್ತಿ. ಡ್ರೈಯರ್ ಇದ್ರೆ ಕಮ್ಮಿ ಬಿಸೀಲಿ 20 ನಿಮಿಷ, ಇಲ್ಲಾಂದ್ರೆ ಒಣಗಿದ ಮೇಲೆ ಮೇಲೊಂದು ಟವೆಲ್ ಹಾಸಿ ಸ್ಟೀಮ್ ಇಲ್ಲದೆ ಹದವಾದ ಇಸ್ತ್ರಿ. ಲೇಪ ಬಿಸಿಗೆ ಮತ್ತೆ ಎದ್ದು ನಿಲ್ಲುತ್ತೆ. ಆಗ್ಲೂ ಹನಿ ಗುಂಡಗೆ ನಿಲ್ಲದಿದ್ರೆ ಸ್ಪ್ರೇ ತಗೊಂಡು ಭುಜ, ತೋಳು, ಸೊಂಟಕ್ಕೆ ಹೊಡೀರಿ.

ಕೊರತೆ ಇಲ್ಲ ಅಂತಲ್ಲ. ತೋಳಿನ ವೆಲ್ಕ್ರೋದಲ್ಲಿ ಕೆಸರು ಒಣಗಿ ಕೂತ್ರೆ ಹಿಡಿಯೋದೇ ಇಲ್ಲ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಬೇಕು. ಪಕ್ಕದ ಜೇಬು ಬ್ಯಾಗಿನ ಸೊಂಟಪಟ್ಟಿ ಕೆಳಗೆ ಸಿಕ್ಕಾಕ್ಕೊಳ್ಳುತ್ತೆ, ಎದೆ ಮೇಲಿನ ಜೇಬು ಒಂದೇ ಉಪಯೋಗಕ್ಕೆ ಬರೋದು. ಹುಡ್ ಹತ್ರ ಸೀಮ್ ಟೇಪ್ ಒಂದು ಮೂಲೇಲಿ ಏಳ್ತಿದೆ, ಅದನ್ನ ಸೀಮ್ ಅಂಟಿನಿಂದ ಕೂರಿಸ್ಬೇಕು.

ಬೆಚ್ಚಗಿನ ಊರಲ್ಲಿ ಬರೀ ತುಂತುರು ಮಳೇಲಿ ಒಂದು ಗಂಟೆ ಓಡಿಸೋರಿಗೆ ಇಷ್ಟು ದಪ್ಪದ್ದು ಬೇಡ, ತೆಳ್ಳಗಿನ ವಿಂಡ್ ಜಾಕೆಟ್ ಮತ್ತು ಎರಡು ಮಡ್‌ಗಾರ್ಡ್ ಸಾಕು. ಚಳಿ ಮಳೇಲಿ ದಿನವಿಡೀ ಗುಡ್ಡದಲ್ಲಿ ಇರೋರು ಮಾತ್ರ ತ್ರೀ ಲೇಯರ್‌ಗೇ ಹೋಗಿ, ಹೊರಬಟ್ಟೆಯ ನೂಲಿನ ದಪ್ಪ 40 ಡೀನಿಯರ್‌ಗಿಂತ ಕಮ್ಮಿ ಇರದ ಹಾಗೆ ನೋಡ್ಕೊಳ್ಳಿ, ಬಿದ್ದಾಗ ಕಲ್ಲಿಗೆ ಉಜ್ಜೋದು ಅದೇ.